ಜಪಾನ್ ಸಾರ್ ನೋಡಿದ ಬೆಂಗಳೂರು

ಅವರೆಕಾಯಿಯ ಸೊಗಡು ಒಮ್ಮೆ ಕೈಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ. ನಮ್ಮ ದೊಡ್ಡಬಳ್ಳಾಪುರದ ಕಡೆ ಈ ಕಾಲದಲ್ಲಿ ಯಾವ ಹೆಂಗಸಿನ ಕೈ ಮೂಸಿದರೂ ಅದೇ ವಾಸನೆ. ಇವತ್ತು ಮಧ್ಯಾಹ್ನ ನಾನೂ ನಡುಮನೆಯಲ್ಲಿ ಕಾಲು ಚಾಚಿಕೊಂಡು, ನೆನೆಹಾಕಿದ್ದ ಅವರೆಕಾಳನ್ನು ಹಿತುಕುತ್ತ ಕುಳಿತಿದ್ದೆ. ಎರಡು ಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಂಗನೆ ಪಾತ್ರೆಗೆ ಹಾರುತ್ತದೆ. ಕೆಲವಕ್ಕೆ ಪಾತ್ರೆ ಹಿಡಿಸುವುದಿಲ್ಲ, ಸೋಫಾದ ಕೆಳಗೆ ಹೋಗಿ ಕೂರುತ್ತವೆ. ಬಗ್ಗಿ ತೆಗೆಯಲು ಸೊಂಟ ಇನ್ನೂ ಒಪ್ಪುತ್ತದೆ, ಅದೇ ದೇವರು ಕೊಟ್ಟ ಪುಣ್ಯ.

ಆಗ ಫೋನು ಬಡಿದುಕೊಂಡಿತು. ಕೈಯೆಲ್ಲ ಲೋಳೆ. ಕಿರುಬೆರಳಿನಲ್ಲಿ ಸ್ಪೀಕರ್ ಒತ್ತಿದೆ. ನಮ್ಮ ಯಜಮಾನರು. ಹಿಂದೆ ಫ್ಯಾಕ್ಟರಿಯ ಸದ್ದು.

"ಲೇ, ಗುರುವಾರ ಜಪಾನ್ ಸಾರ್ ಬರ್ತಾವ್ರೆ ಕಣೇ! ಅದೇ, ಹಳೇ ಜಪಾನ್ ಸಾರ್!"

"ಅವರೇನಾ? ರೀ, ಅವರ ಹೆಂಡ್ತಿ ಹೇಗಿದಾರಂತೆ?"

ಫೋನು ಕಟ್ಟಾಗಿತ್ತು. ತಿರುಗಿ ಮಾಡಿದರೆ ಎತ್ತಲಿಲ್ಲ. ಮೆಷಿನ್ನಿನ ಹತ್ತಿರ ಹೋದರೆ ಇವರು ಫೋನು ಎತ್ತುವುದಿಲ್ಲ. ಎರಡು ವರ್ಷದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಬಾಯಿಗೆ ಬಂದು, ಕೇಳುವವರಿಲ್ಲದೆ ಅವರೆಸಿಪ್ಪೆಯ ಮೇಲೆ ಬಿತ್ತು. ಇನ್ನು ಇವರು ತಿರುಗಿ ಫೋನು ಮಾಡುವ ತನಕ ಕಾಯಬೇಕು. ನೀವೂ ಸ್ವಲ್ಪ ಕುಳಿತುಕೊಳ್ಳಿ, ಕಾಳು ಇನ್ನೂ ಬಹಳ ಇದೆ. ಆ ಮನುಷ್ಯರ ಕಥೆ ಹೇಳುತ್ತೇನೆ.

ಇವರು ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಫೋರ್‌ಮನ್. ಎರಡು ವರ್ಷದ ಹಿಂದೆ ಅಲ್ಲಿಗೆ ಜಪಾನಿನಿಂದ ಒಂದು ದೊಡ್ಡ ಮೆಷಿನ್ನು ಬಂತು. ಅದನ್ನು ಕೂರಿಸಿ ಓಡಿಸಿ ತೋರಿಸಲು ಹಿಂದೆಯೇ ಒಬ್ಬ ಇಂಜಿನಿಯರ್ ಬಂದರು. ಅವರ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ. ಇಡೀ ಫ್ಯಾಕ್ಟರಿಯೇ ಜಪಾನ್ ಸಾರ್ ಎನ್ನುತ್ತಿತ್ತು, ನಾನೂ ಅದನ್ನೇ ಹಿಡಿದುಕೊಂಡೆ. ಒಂದು ವಾರ ಬೆಳಿಗ್ಗೆ ಹೋಟೆಲಿನಿಂದ ಫ್ಯಾಕ್ಟರಿಗೆ, ಸಂಜೆ ಫ್ಯಾಕ್ಟರಿಯಿಂದ ಹೋಟೆಲಿಗೆ. ಗಾಣಕ್ಕೆ ಕಟ್ಟಿದ ಎತ್ತಿಗಾದರೂ ಅಕ್ಕಪಕ್ಕ ಏನಿದೆ ಎಂದು ಕಾಣುತ್ತಿತ್ತೇನೋ, ಇವರಿಗೆ ಕಾರಿನ ಕಪ್ಪು ಗಾಜು. ರಾತ್ರಿ ಊಟಕ್ಕೆ ಕೂತಾಗ ಇವರು ಹೇಳುತ್ತಿದ್ದರು: "ಪಾಪ ಕಣೇ. ಮನೆಗೆ ಹೋದ್ರೆ ಹೆಂಡ್ತಿ ಇಂಡಿಯಾದಲ್ಲಿ ಏನ್ ನೋಡ್ದೆ ಅಂತ ಕೇಳ್ತಾಳೆ, ಏನ್ ಹೇಳ್ಲಿ ಅಂತಾರೆ."

ಊರು ನೋಡುವ ವಿಷಯದಲ್ಲಿ ನಾವೇನೂ ಹೆಚ್ಚಿನವರಲ್ಲ ಬಿಡಿ. ಮಾಕಳಿದುರ್ಗದ ಬೆಟ್ಟ ಹತ್ತಲು ಬೆಂಗಳೂರಿನ ಹುಡುಗರು ಬ್ಯಾಗು ಬೆನ್ನಿಗೆ ಹಾಕಿಕೊಂಡು ರಜಾ ದಿನವೆಲ್ಲ ಬರುತ್ತಾರೆ. ಅದರ ಬುಡದಲ್ಲಿ ಹುಟ್ಟಿ ಬೆಳೆದ ಇವರು ಒಮ್ಮೆಯೂ ಮೇಲೆ ಹೋಗಿಲ್ಲ. ಕೇಳಿದರೆ "ಅದು ಎಲ್ಲಿಗ್ ಹೋಗುತ್ತೆ, ಇಲ್ಲೇ ಇರುತ್ತಲ್ಲ" ಎನ್ನುತ್ತಾರೆ. ನಾವು ಸಂಸಾರ ಸಮೇತ ನೋಡಲು ಹೋದ ಒಂದೇ ಜಾಗವೆಂದರೆ ವಿಮಾನ ನಿಲ್ದಾಣ. ದೇವನಹಳ್ಳಿಯಲ್ಲಿ ಅದು ಶುರುವಾದ ಹೊಸದರಲ್ಲಿ ಊರಿಗೆ ಊರೇ ನೋಡಲು ಹೋಗುತ್ತಿತ್ತು. ನಾನು ಚಿತ್ರಾನ್ನ ಕಟ್ಟಿಕೊಂಡಿದ್ದೆ. ಬಾಗಿಲಲ್ಲಿ ಬಂದೂಕಿನವನು ಟಿಕೆಟ್ ಕೇಳಿದ. ನಾವು ಅವನು ಯಾವುದೋ ಪ್ರವೇಶ ಶುಲ್ಕ ಕೇಳುತ್ತಿದ್ದಾನೆಂದುಕೊಂಡು "ಒಬ್ಬರಿಗೆ ಎಷ್ಟಪ್ಪಾ?" ಎಂದೆವು. ಕಡೆಗೆ ರಸ್ತೆ ಬದಿಯ ಹುಲ್ಲಿನ ಮೇಲೆ ಕೂತು, ತಲೆಯ ಮೇಲೆ ಹಾರುವುದನ್ನು ಕತ್ತೆತ್ತಿ ನೋಡುತ್ತ ಚಿತ್ರಾನ್ನ ತಿಂದು ಬಂದೆವು. ಕತ್ತು ನೋಯಿತು ಎನ್ನುವುದು ಬಿಟ್ಟರೆ ಖರ್ಚಿಲ್ಲದ ಪ್ರವಾಸ.

ಇನ್ನು ಇವರ ಕೂದಲಿನ ವಿಷಯ. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ನಮ್ಮ ಯಜಮಾನರಿಗೆ ದೇವರು ಕೊಟ್ಟ ಆಸ್ತಿಯೆಂದರೆ ತಲೆಗೂದಲು. ದಟ್ಟವಾಗಿ, ಗುಂಗುರಾಗಿ, ಮುಂದೆ ಗೋಪುರದ ಹಾಗೆ ಎದ್ದು ನಿಂತಿರುತ್ತದೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಒಂದು ಕಪ್ಪು ಬಾಚಣಿಗೆ. ಬೈಕಿನ ಕನ್ನಡಿ, ಅಂಗಡಿಯ ಗಾಜು, ನಾನು ಬೆಳಗಿಟ್ಟ ಸ್ಟೀಲ್ ತಟ್ಟೆ, ಯಾವುದೂ ಆದೀತು. ದೇವರಿಗೆ ಕೈ ಮುಗಿಯುವಾಗಲೂ ಫೋಟೋದ ಗಾಜಿನಲ್ಲಿ ತನ್ನ ಕ್ರಾಪು ನೋಡಿಕೊಳ್ಳುವ ಮನುಷ್ಯ.

ಅಂಥವರಿಗೆ ಒಂದು ಸಲ ಕಾಮಾಲೆ ಬಂದು ಆಸ್ಪತ್ರೆ ಸೇರಿದರು. ಕಣ್ಣು, ಉಗುರು ಎಲ್ಲ ಅರಿಸಿನದ ಬಣ್ಣ. ನಾನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು, ಘಾಟಿ ಸುಬ್ರಹ್ಮಣ್ಯನಿಗೆ, ನಮ್ಮ ಬಾಯಲ್ಲಿ ಸುಬ್ಬಪ್ಪನಿಗೆ, ಹರಕೆ ಹೊತ್ತೆ: ಇವರನ್ನು ಎಬ್ಬಿಸಿ ಕೂರಿಸಪ್ಪಾ, ಇವರ ಮುಡಿ ಕೊಡಿಸುತ್ತೇನೆ. ನಮ್ಮ ಕಡೆ ಹೆಂಗಸರ ಹರಕೆಯ ರೀತಿಯೇ ಹಾಗೆ. ಹೊರುವವರು ನಾವು, ಕೂದಲು ಮನೆಯವರದು. ನಮ್ಮಮ್ಮ ನಮ್ಮಣ್ಣನ ಕೂದಲನ್ನು ಎಷ್ಟು ದೇವರಿಗೆ ಹಂಚಿದ್ದಳೆಂದರೆ, ಅವನು ಚಿಕ್ಕಂದಿನಲ್ಲಿ ಬೋಳಾಗಿರದ ಒಂದು ಫೋಟೋ ಮನೆಯಲ್ಲಿಲ್ಲ.

ಇವರು ಹುಷಾರಾದರು. ವಿಷಯ ತಿಳಿದ ಮೇಲೆ ಮತ್ತೆ ಕಾಮಾಲೆ ಬಂದವರ ಹಾಗೆ ಮುಖ ಮಾಡಿದರು. "ನನ್ನ ಕೂದ್ಲು ಒತ್ತೆ ಇಡಕ್ಕೆ ನಿಂಗ್ಯಾರ್ ಹೇಳಿದ್ದು?" ಎಂದರು. ಆಮೇಲೆ ಒಂದೊಂದೇ ನೆಪ. ನಾದಿನಿಯ ಮಗಳ ಮದುವೆ, ಫೋಟೋದಲ್ಲಿ ಬೋಳಾಗಿ ಬಂದರೆ ಹೇಗೆ? ಲೈಸೆನ್ಸಿಗೆ ಹೊಸ ಫೋಟೋ. ಚಳಿಗಾಲ, ತಲೆಗೆ ಶೀತ. ಬೇಸಿಗೆ, ತಲೆಗೆ ಬಿಸಿಲು. ದೇವರ ಹತ್ತಿರ ಮಾತು ಕೊಟ್ಟು ತಪ್ಪಿಸಿಕೊಂಡು ಓಡಾಡುವುದೆಂದರೇನು? ಕಡೆಗೆ ಒಂದು ಮಂಗಳವಾರ ಗೊತ್ತು ಮಾಡಿ, ರಜೆ ಹಾಕಿಸಿ, ದೇವರ ಮುಂದೆ ಆಣೆ ಮಾಡಿಸಿಕೊಂಡಿದ್ದೆ.

ಆ ಮಂಗಳವಾರ ಬೆಳಿಗ್ಗೆ ನಾನು ರೇಷ್ಮೆ ಸೀರೆ ಉಟ್ಟು, ಮೊಸರನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಒಂದು ಗಳಿಗೆ ಕೆಲಸವಿದೆಯೆಂದು ಫ್ಯಾಕ್ಟರಿಗೆ ಹೋಗಿದ್ದವರು ಫೋನು ಮಾಡಿದರು.

"ಲೇ, ಇವತ್ತು ಘಾಟಿಗೆ ಆಗಲ್ಲ ಕಣೇ. ಜಪಾನ್ ಸಾರ್ ಇವತ್ತು ರಾತ್ರಿ ಹೊರಡ್ತಾರೆ. ಅಷ್ಟ್ರಲ್ಲಿ ಬೆಂಗಳೂರ್ ತೋರ್ಸಿ ಏರ್‌ಪೋರ್ಟಿಗೆ ಬಿಡ್ಬೇಕಂತೆ. ಮ್ಯಾನೇಜರ್ ಕಾರ್ ಕೊಟ್ಟು ನಂಗೇ ಗಂಟ್ ಹಾಕ್ಬಿಟ್ರು."

ದನಿಯಲ್ಲಿ ದುಃಖವಿರಲಿಲ್ಲ. ಹಬ್ಬವಿತ್ತು.

"ಬೆಂಗಳೂರಲ್ಲಿ ಏನ್ ತೋರಿಸ್ತೀರಿ?"

"ಏನೋ... ಅರಮನೆ, ಪಾರ್ಕು, ಒಂದ್ ಮಾಲು."

"ಯಲಹಂಕ, ಹೆಬ್ಬಾಳ ದಾಟೋದ್ರಲ್ಲೇ ಮಧ್ಯಾಹ್ನ ಆಗುತ್ತೆ. ಅವರಿಗೆ ಲಾರಿ ಹಿಂಭಾಗ ತೋರಿಸ್ಕೊಂಡ್ ಬರ್ತೀರಾ? ಮಾಲು ಜಪಾನಲ್ಲಿ ಇಲ್ವಾ? ಘಾಟಿ ಸುಬ್ಬಪ್ಪ ಅಲ್ಲಿ ಇದಾನಾ? ಮನೆಗ್ ಕರ್ಕೊಂಡ್ ಬನ್ನಿ. ಮೂರೂ ಜನ ಘಾಟಿಗೆ ಹೋಗೋಣ. ಅಲ್ಲಿಂದ ಹಾಗೇ ಏರ್‌ಪೋರ್ಟು."

ಆ ಕಡೆ ಇವರು ಯಾರೊಡನೆಯೋ ಇಂಗ್ಲಿಷಿನಲ್ಲಿ ಮಾತಾಡಿದರು. ಕಡೆಗೆ, ಸೋತ ದನಿ: "ಅವರು ಟೆಂಪಲ್ ಅಂದ್ರೆ ಕುಣೀತಾವ್ರೆ ಕಣೇ."

ಕಾರಿನಿಂದ ಇಳಿದವರು ಸಣ್ಣ ಆಳು. ಬೂದು ಕೋಟು, ಕನ್ನಡಕ, ನೀಟಾಗಿ ಬಾಚಿದ ನೆರೆತ ಕೂದಲು. ನನ್ನನ್ನು ಕಂಡು ಸೊಂಟದ ತನಕ ಬಗ್ಗಿದರು. ನನಗೆ ಏನು ಮಾಡುವುದೆಂದು ತಿಳಿಯಲಿಲ್ಲ, ನಾನೂ ಬಗ್ಗಿದೆ. ಅವರು ಮತ್ತೆ ಬಗ್ಗಿದರು. "ಸಾಕು ಬನ್ರಮ್ಮ, ಇಲ್ಲೇ ಸಂಜೆ ಆಗುತ್ತೆ" ಎಂದು ಇವರು ಕಾರಿನ ಹಾರನ್ ಒತ್ತಿದರು.

ದಾರಿಯಲ್ಲಿ ಅವರಿಗೆ ಎಲ್ಲವೂ ನೋಡುವಂಥದ್ದೇ. ದ್ರಾಕ್ಷಿ ತೋಟದ ಚಪ್ಪರ ನೋಡಿದರು. ರೈಲ್ವೆ ಗೇಟು ಹಾಕಿತ್ತು. ಬೆಟ್ಟಗಳ ನಡುವೆ ರೈಲು ನುಸುಳಿ ಹೋಗುವುದನ್ನು ಕೆಳಗಿಳಿದು ನಿಂತು ನೋಡಿದರು. ಹೊಲದಲ್ಲಿ ರಾಗಿ ಹುಲ್ಲಿನ ಮೆದೆ ಕಂಡು ಅದನ್ನು ಯಾರು ವಾಸಕ್ಕೆ ಕಟ್ಟಿಕೊಂಡಿದ್ದಾರೆಂದು ಕೇಳಿದರು. ಪ್ರತಿಯೊಂದನ್ನೂ ಫೋನಿನಲ್ಲಿ ತೆಗೆಯುವುದು, ಕೂಡಲೇ ಯಾರಿಗೋ ಕಳಿಸುವುದು. "ಹೆಂಡ್ತಿಗೆ" ಎಂದರು ಇವರು. "ನೋಡಿ ಕಲೀರಿ" ಎಂದೆ. ಇವರು ರಸ್ತೆ ನೋಡಿದರು.

ಘಾಟಿಯ ಗುಡಿಯಲ್ಲಿ ಮುಂದೆ ಸುಬ್ರಹ್ಮಣ್ಯ, ಬೆನ್ನಿಗೆ ಬೆನ್ನು ಹಚ್ಚಿ ಹಿಂದಕ್ಕೆ ಮುಖ ಮಾಡಿದ ನರಸಿಂಹ. ಹಿಂದಿನ ದೇವರು ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಜಪಾನ್ ಸಾರ್‌ಗೆ ಅದನ್ನು ಕೈಸನ್ನೆಯಲ್ಲೇ ತೋರಿಸಿದೆ. ಅವರು ಆ ಕಡೆ ಈ ಕಡೆ ವಾಲಿ ವಾಲಿ, ಕನ್ನಡಿಯಲ್ಲಿ ದೇವರು ಸಿಕ್ಕಾಗ ಮಗುವಿನ ಹಾಗೆ "ಓ!" ಎಂದರು. ನಮ್ಮವರು ಅದೇ ಹೊತ್ತಿನಲ್ಲಿ ಅದೇ ಕನ್ನಡಿಯಲ್ಲಿ ಏನು ಹುಡುಕುತ್ತಿದ್ದರೆಂದು ನಾನು ಹೇಳಬೇಕಾಗಿಲ್ಲ. ಹೋಗಲಿ, ಕಡೆಯ ದರ್ಶನ ಎಂದು ಸುಮ್ಮನಾದೆ.

ಮುಡಿ ತೆಗೆಯುವ ಜಾಗಕ್ಕೆ ಬಂದೆವು. ಕ್ಷೌರದವರು ಬ್ಲೇಡು ಬದಲಾಯಿಸುತ್ತ "ಯಾರ್ದಕ್ಕಾ ಮುಡಿ?" ಎಂದರು. ನಾನು ಬೆರಳು ತೋರಿಸಿದೆ. ಇವರು ಜಪಾನ್ ಸಾರ್ ಬೆನ್ನ ಹಿಂದೆ ಸರಿದು, "ಫ್ಲೈಟ್‌ಗೆ ಹೊತ್ತಾಗುತ್ತೆ ಕಣೇ. ಗೆಸ್ಟ್‌ನ ಕಾಯ್ಸಕ್ಕಾಗುತ್ತಾ? ಇನ್ನೊಂದ್ ಸಲ..." ಎಂದು ಶುರು ಮಾಡಿದರು.

ಗೆಸ್ಟು ಮಾತ್ರ ಯಾವ ಅವಸರದಲ್ಲೂ ಇರಲಿಲ್ಲ. ಇದೇನು ಎಂದು ಇವರನ್ನೇ ಕೇಳಿದರು. ಇವರ ಇಂಗ್ಲಿಷೂ ಅವರ ಇಂಗ್ಲಿಷೂ ಒಂದೇ ಅಳತೆಯದಾದ್ದರಿಂದ ನನಗೂ ಅರ್ಥವಾಗುತ್ತಿತ್ತು, ಅದೊಂದು ಅನುಕೂಲ. ಇವರು ಹೇಳಿದರು: "ಐ ಸಿಕ್. ವೈಫ್ ಪ್ರಾಮಿಸ್ ಗಾಡ್. ಮೈ ಹೇರ್. ನೌ ಐ ಓಕೆ. ಡೆಲಿವರಿ ಪೆಂಡಿಂಗ್."

ಜಪಾನ್ ಸಾರ್ ನಗಲಿಲ್ಲ. ಇವರ ತಲೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಏನೋ ಹೇಳಿದರು. ಅಷ್ಟು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಲಿಲ್ಲ, ಆದರೆ ಇವರ ಮುಖದಲ್ಲಿದ್ದ ತುಂಟತನ ಇಳಿದುಹೋದದ್ದು ಕಂಡಿತು.

"ಅವರ ಹೆಂಡ್ತಿಗೆ ಎದೇಲಿ ಗಂಟಂತೆ ಕಣೇ. ಆಸ್ಪತ್ರೇಲಿದಾರಂತೆ. ಬರೋ ಸೋಮವಾರ ಆಪರೇಷನ್ನಂತೆ. ನೀನೊಬ್ಬನಾದ್ರೂ ಏನಾದ್ರೂ ನೋಡ್ಕೊಂಡ್ ಬಾ, ನಂಗೆ ಹೇಳು ಅಂತ ಕಳಿಸಿದ್ರಂತೆ." ಇವರು ಕ್ಷೌರದವರ ಕಡೆ ಕೈ ತೋರಿಸಿದರು. "ನಾನೂ ಕೂತ್ಕೋಬಹುದಾ ಅಂತ ಕೇಳ್ತಾವ್ರೆ."

ನಾನು ಗಾಬರಿಯಾದೆ. ನಮ್ಮಲ್ಲಿ ಲೆಕ್ಕವೇ ಬೇರೆಯಲ್ಲವೇ? "ಬೇಡಾನ್ನಿ. ಮೊದ್ಲು ಕೇಳ್ಕೊಳ್ಳೋದು, ಆದ್ಮೇಲೆ ಕೊಡೋದು. ಈಗ ಕೈ ಮುಗಿದು ಹರಕೆ ಮಾತ್ರ ಹೊತ್ಕೊಳ್ಳಿ. ಆಯಮ್ಮ ಹುಷಾರಾಗ್ಲಿ, ಆಮೇಲೆ ಬಂದು ಕೊಡ್ಲಿ. ಮುಂಚೆನೇ ಯಾರಾದ್ರೂ ಕೊಡ್ತಾರಾ?"

ಇವರು ಅದನ್ನು ಫ್ಯಾಕ್ಟರಿ ಇಂಗ್ಲಿಷಿಗೆ ತಂದರು: "ಫಸ್ಟ್ ಗಾಡ್ ವರ್ಕ್. ದೆನ್ ಪೇಮೆಂಟ್."

ಜಪಾನ್ ಸಾರ್ ಸ್ವಲ್ಪ ಯೋಚಿಸಿದರು. ಅವರು ಹೇಳಿದ್ದನ್ನು ಇವರು ನನಗೆ ಹೀಗೆ ಹೇಳಿದರು: "ಮತ್ತೆ ಬರ್ತೀನೋ ಇಲ್ವೋ ಗೊತ್ತಿಲ್ವಂತೆ. ಇವತ್ತು ಬಂದಿದೀನಲ್ಲ ಅಂತಾರೆ."

ಕೋಟು ಬಿಚ್ಚಿ, ಅಂಗಡಿಯಲ್ಲಿ ಮಡಿಸುವ ಹಾಗೆ ಮಡಿಸಿ, ಎರಡೂ ಕೈಯಲ್ಲಿ ನನಗೆ ಕೊಟ್ಟರು. ಕನ್ನಡಕ ಅದರ ಮೇಲಿಟ್ಟರು. ಬರಿಯ ನೆಲದ ಮೇಲೆ ಮಂಡಿ ಮಡಿಸಿ ಕುಳಿತು ತಲೆ ಬಗ್ಗಿಸಿದರು. ನಮ್ಮವರು ಒಂದು ಗಳಿಗೆ ನಿಂತಿದ್ದು, ಹಿಂದಿನ ಜೇಬಿನಿಂದ ಬಾಚಣಿಗೆ ತೆಗೆದು ನನ್ನ ಕೈಗಿಟ್ಟು, ಅವರ ಪಕ್ಕದಲ್ಲಿ ಹೋಗಿ ಕುಳಿತರು.

ಕ್ಷೌರದವರು ಕೆಲಸ ಮಾಡುತ್ತಲೇ ಹೇಳಿದರು: "ಅಕ್ಕಾ, ಇವ್ರ್ ಕೂದ್ಲು ಬೆಣ್ಣೆಯಂಗೆ ಬತ್ತಾ ಐತೆ. ಯಜಮಾನ್ರುದು ತೆಂಗಿನ ನಾರು, ಬ್ಲೇಡೇ ಹೋಯ್ತು."

"ಮುವ್ವತ್ ವರ್ಷ ಎಣ್ಣೆ ಹಾಕಿದೀನಯ್ಯಾ!" ಎಂದು ಇವರು ಬಗ್ಗಿದ್ದಲ್ಲಿಂದಲೇ ಗುಡುಗಿದರು.

ಸ್ನಾನ ಮಾಡಿ, ತಲೆಗೆ ಗಂಧ ಬಳಿದುಕೊಂಡು ಇಬ್ಬರೂ ಬಂದು ನಿಂತಾಗ ನಾನು ಸೆರಗು ಬಾಯಿಗಿಟ್ಟುಕೊಂಡೆ. ಇವರಿಗೆ ಅಷ್ಟು ದೊಡ್ಡ ಕಿವಿ ಇವೆಯೆಂದು ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಗೊತ್ತಿರಲಿಲ್ಲ. ಜಪಾನ್ ಸಾರ್ ಇವರ ತಲೆ ಮುಟ್ಟಿ ನೋಡಿದರು, ಆಮೇಲೆ ತಮ್ಮ ತಲೆ ಮುಟ್ಟಿಕೊಂಡರು, ಆಮೇಲೆ ಇಬ್ಬರೂ ನಿಂತಲ್ಲೇ ನಕ್ಕರು. ಅವರು ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದನ್ನು ನಾನು ನೋಡದ ಹಾಗೆ ಮಾಡಿದೆ.

ಮತ್ತೆ ಗುಡಿಗೆ ಹೋಗಿ ಆಯಮ್ಮನ ಹೆಸರಲ್ಲಿ ಅರ್ಚನೆ ಮಾಡಿಸಿದೆ. ಅರ್ಚಕರು ಹೆಸರು ಕೇಳಿದರು. ಜಪಾನ್ ಸಾರ್ ಹೇಳಿದರು. ಅರ್ಚಕರಿಗೆ ಅದನ್ನು ಮಂತ್ರದೊಳಗೆ ತೂರಿಸಲು ಮೂರು ಸಲ ಬೇಕಾಯಿತು. "ಗೋತ್ರ?" ಎಂದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಗೊತ್ತಿಲ್ದಿದ್ರೆ ಕಾಶ್ಯಪ ಅಂದ್ಬಿಡೋಣ ಬಿಡಮ್ಮ" ಎಂದು ಅವರೇ ದಾರಿ ತೋರಿಸಿದರು. ಹೀಗೆ ಜಪಾನಿನ ಯಾವುದೋ ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ಹೆಣ್ಣುಮಗಳು ತನಗೆ ತಿಳಿಯದೆಯೇ ಕಾಶ್ಯಪ ಗೋತ್ರಕ್ಕೆ ಸೇರಿದಳು. ಮಂಗಳಾರತಿಯ ಹೊತ್ತಿನಲ್ಲಿ ನಾನೂ ಕಣ್ಣು ಮುಚ್ಚಿ ಸುಬ್ಬಪ್ಪನಿಗೆ ಒಂದು ಮಾತು ಹೇಳಿದೆ. ಅದೇನೆಂದು ಇವರಿಗೆ ಈ ತನಕ ಹೇಳಿಲ್ಲ. ನಿಮಗೆ ಆಮೇಲೆ ಹೇಳುತ್ತೇನೆ.

ಮರದ ಕೆಳಗೆ ಮೊಸರನ್ನ ತಿಂದು ಏರ್‌ಪೋರ್ಟಿಗೆ ಬಂದೆವು. ಮ್ಯಾನೇಜರು ಗಂಧದ ಹಾರ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ನಮ್ಮ ಇಬ್ಬರು ಬೋಳುತಲೆಯವರು ಎದುರಿಗೇ ನಿಂತರೂ ಮ್ಯಾನೇಜರ ಕಣ್ಣು ಇಬ್ಬರನ್ನೂ ದಾಟಿ ಹಿಂದೆ ಹುಡುಕುತ್ತಿತ್ತು. ಕಡೆಗೆ ನನ್ನನ್ನು ಗುರುತು ಹಿಡಿದು, "ಏನಮ್ಮಾ, ನಿಮ್ಮೆಜಮಾನ್ರು ಎಲ್ಲಿ? ನಮ್ ಗೆಸ್ಟ್ ಎಲ್ಲಿ?" ಎಂದರು.

"ಇಲ್ಲೇ ಇದೀವಿ ಸಾರ್" ಎಂದಿತು ಒಂದು ತಲೆ.

ಮ್ಯಾನೇಜರು ಹಾರ ಕೆಳಗಿಳಿಸಿದರು. "ಬೆಂಗಳೂರ್ ತೋರಿಸ್ಕೊಂಡ್ ಬನ್ರೀ ಅಂದ್ರೆ ಬೋಳಿಸ್ಕೊಂಡ್ ಬಂದಿದೀರಲ್ರೀ!"

ಬಾಗಿಲ ಕಾವಲಿನವನು ಪಾಸ್‌ಪೋರ್ಟಿನ ಫೋಟೋ ನೋಡಿದ, ತಲೆ ನೋಡಿದ, ಮತ್ತೆ ಫೋಟೋ ನೋಡಿದ. ಆಮೇಲೆ ತಲೆಯ ಮೇಲಿನ ಗಂಧ ನೋಡಿ "ಘಾಟಿನಾ?" ಎಂದು ನನ್ನನ್ನು ಕೇಳಿದ. ಹೌದಪ್ಪಾ ಎಂದೆ. ಜಪಾನ್ ಸಾರ್ ಒಳಗೆ ಹೋಗಿ, ಗಾಜಿನ ಆಚೆಯಿಂದ ಮತ್ತೆ ಸೊಂಟದ ತನಕ ಬಗ್ಗಿದರು. ಈ ಸಲ ನಾವಿಬ್ಬರೂ ಬಗ್ಗಿದೆವು.

ಅಷ್ಟೇ. ಆಮೇಲೆ ಸುದ್ದಿಯಿಲ್ಲ. ಆ ಸೋಮವಾರ ನಾನು ತುಪ್ಪದ ದೀಪ ಹಚ್ಚಿ ಕೂತಿದ್ದೆ. "ಕೇಳ್ರೀ" ಎಂದರೆ ಇವರು "ಅದು ಆಫೀಸ್ ಇ-ಮೇಲು ಕಣೇ, ಹೆಂಡ್ತಿ ವಿಷ್ಯ ಎಲ್ಲಾ ಬರೆಯಕ್ಕಾಗಲ್ಲ" ಎಂದರು. ನಿಜವಾದ ಕಾರಣ ನನಗೆ ಗೊತ್ತಿತ್ತು. ಉತ್ತರ ಬೇರೆ ಬಂದರೆ ಏನು ಮಾಡುವುದೆಂದು ಇವರಿಗೂ ಭಯ. ಮಧ್ಯೆ ಒಮ್ಮೆ ಮೆಷಿನ್ನು ಕೆಟ್ಟಾಗ ಬೇರೆ ಯಾರೋ ಹುಡುಗ ಜಪಾನಿನಿಂದ ಬಂದ. ಕೇಳಿದ್ದಕ್ಕೆ "ಅವರು ತುಂಬಾ ದಿನದಿಂದ ರಜೆಯಲ್ಲಿದ್ದಾರೆ" ಎಂದನಂತೆ. ಅಷ್ಟು ದಿನದ ರಜೆ ಯಾತಕ್ಕೆ ಹಾಕುತ್ತಾರೆ? ಆ ರಾತ್ರಿ ನಾವಿಬ್ಬರೂ ಸರಿಯಾಗಿ ಊಟ ಮಾಡಲಿಲ್ಲ. ಇವರ ತಲೆಯಲ್ಲಿ ಗೋಪುರ ಮತ್ತೆ ಎದ್ದಿತು, ಬಾಚಣಿಗೆ ಜೇಬಿಗೆ ಮರಳಿತು. ಆದರೆ ದೇವರ ಫೋಟೋದ ಮುಂದೆ ನಿಂತಾಗ ಇವರು ಕಣ್ಣು ಮುಚ್ಚಿಕೊಳ್ಳುವುದನ್ನು ಆಗೀಗ ನೋಡುತ್ತಿದ್ದೆ.

ನೋಡಿ, ಇಷ್ಟು ಹೇಳುವಷ್ಟರಲ್ಲಿ ಮುಕ್ಕಾಲು ಪಾತ್ರೆ ಬೇಳೆಯಾಯಿತು. ಸರಿಯಾಗಿ ಇಲ್ಲಿಗೆ ಬಂದಾಗ ಫೋನು ಮತ್ತೆ ಹೊಡೆದುಕೊಂಡಿತು. ಕಿರುಬೆರಳಲ್ಲಿ ಒತ್ತಿದೆ.

"ಆಗ ಕಟ್ಟಾಗೋಯ್ತು ಕಣೇ. ಕೇಳು, ಟಿಕೆಟ್ ಎರಡಂತೆ."

"ಯಾರ್ದುರೀ ಇನ್ನೊಂದು?"

"ಇನ್ಯಾರ್ದು? ಅವರ ಹೆಂಡ್ತಿದು! ಆಪರೇಷನ್ ಆಗಿ, ಅದೇನೋ ಇಂಜೆಕ್ಷನ್ ಎಲ್ಲಾ ಮುಗಿಸ್ಕೊಂಡು ಈಗ ಚೆನ್ನಾಗವ್ರಂತೆ. ಅವರನ್ನ ನೋಡ್ಕೊಳ್ಳಕ್ಕೇ ಅಷ್ಟ್ ದಿನ ರಜೆ ಹಾಕಿದ್ದಂತೆ. ಇಲ್ಲಿ ಕೆಲಸ ಮೂರು ದಿನ, ಬಿಡುವು ಬರೋ ಗುರುವಾರ ಅರ್ಧ ದಿನ. ಮ್ಯಾನೇಜರ್ ಅರಮನೆ ಅಂದ್ರೆ ಆಯಮ್ಮ ಒಪ್ಪಲಿಲ್ವಂತೆ. ನನ್ನ ಗಂಡನ್ನ ಬೋಳ್ ಮಾಡಿ ಕಳಿಸಿದ ಹೆಂಗಸು ಯಾರು, ಮೊದ್ಲು ಅವಳನ್ನ ನೋಡ್ಬೇಕು ಅಂದ್ರಂತೆ." ಇವರು ನಗುತ್ತಿದ್ದರು, ದನಿ ಮಾತ್ರ ಒದ್ದೆಯಾಗಿತ್ತು. "ಹಲೋ? ಇದೀಯಾ? ಯಾಕೆ ಸುಮ್ನಾದೆ?"

ಸುಮ್ಮನಾದದ್ದಕ್ಕೆ ಕಾರಣವಿತ್ತು. ಲೋಳೆ ಕೈಯಲ್ಲೇ ನನ್ನ ಜಡೆ ಹಿಡಿದುಕೊಂಡು ಕೂತಿದ್ದೆ.

ಆ ದಿನ ಮಂಗಳಾರತಿಯಲ್ಲಿ ನಾನು ಅಭ್ಯಾಸಬಲದಿಂದ "ಆಯಮ್ಮನನ್ನು ಉಳಿಸಪ್ಪಾ, ಇವರ ಮುಡಿ..." ಎಂದು ಶುರು ಮಾಡಿದ್ದೆ. ಕಣ್ಣು ಬಿಟ್ಟು ನೋಡಿದರೆ ಪಕ್ಕದಲ್ಲಿ ಇವರ ತಲೆ ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಒತ್ತೆ ಇಡಲು ಅಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ. ಆ ಕಡೆ ನೋಡಿದರೆ, ಏನನ್ನೂ ಕೇಳುವ ಮುಂಚೆಯೇ ಕೊಟ್ಟು ಕೈ ಮುಗಿದು ನಿಂತ ಇನ್ನೊಂದು ತಲೆ. ನನಗೆ ನಾಚಿಕೆಯಾಯಿತು. ಮನೆಯಲ್ಲಿ ಕೂದಲಿದ್ದ ತಲೆ ಇನ್ನೊಂದೇ ಉಳಿದಿತ್ತು. ಎಲ್ಲರ ತಲೆಯನ್ನೂ ದೇವರಿಗೆ ಬರೆದುಕೊಟ್ಟ ಮನೆತನದಲ್ಲಿ ಹುಟ್ಟಿ, ನನ್ನ ಮೊಣಕಾಲುದ್ದದ ಜಡೆಯನ್ನು ಮಾತ್ರ ಸೀಗೆಪುಡಿ ಹಾಕಿ ಜೋಪಾನ ಮಾಡಿಕೊಂಡು ಬಂದವಳು ನಾನು. ಆ ದಿನ ಅದನ್ನೇ ಕೊಡುತ್ತೇನೆಂದು ಹೇಳಿದೆ.

ಮುತ್ತೈದೆಯರು ಮೂರು ಬೆರಳಿನಷ್ಟು ತುದಿ ಕತ್ತರಿಸಿ ಕೊಟ್ಟರೆ ಸಾಕು ಎನ್ನುತ್ತಾರೆ. ಆದರೆ ನಾನು ಸುಬ್ಬಪ್ಪನಿಗೆ ಬೆರಳಿನ ಲೆಕ್ಕ ಹೇಳಿರಲಿಲ್ಲ, ಮುಡಿ ಎಂದಷ್ಟೇ ಹೇಳಿದ್ದೆ. ಎರಡು ವರ್ಷ ಕಾದು ಆಯಮ್ಮನನ್ನು ವಿಮಾನ ಹತ್ತಿಸಿ ಕಳಿಸುತ್ತಿರುವವನ ಹತ್ತಿರ ಈಗ ಚೌಕಾಸಿ ಮಾಡುವುದೇ?

"ರೀ, ಗುರುವಾರ ಘಾಟಿಗೆ ಹೋಗ್ಬೇಕು" ಎಂದೆ. "ಮುಡಿ ಕೊಡೋದಿದೆ."

ಆ ಕಡೆಯಿಂದ ಇವರು ಅಳುವ ದನಿಯಲ್ಲಿ, "ಲೇ... ಮತ್ತೆ ನಂದೇನಾ?" ಎಂದರು.

"ಮನೆಗ್ ಬನ್ನಿ ಹೇಳ್ತೀನಿ" ಎಂದು ಫೋನಿಟ್ಟೆ. ಸಂಜೆಯ ತನಕ ಇವರು ತಲೆ ಮುಟ್ಟಿಕೊಂಡಿರಲಿ, ಅಷ್ಟಾದರೂ ಸುಖ ನನಗೆ ಬೇಡವೇ?

ಕೈ ತೊಳೆದು, ಜಡೆಗೆ ಹತ್ತಿದ ಒಂದು ಅವರೆಸಿಪ್ಪೆ ತೆಗೆದು, ಅಡುಗೆಮನೆಗೆ ಹೋದೆ. ಗುರುವಾರ ಆಯಮ್ಮನಿಗೆ ಹಿತುಕಿದ ಬೇಳೆಯ ಹುಳಿಯನ್ನೇ ಬಡಿಸುವುದೆಂದು ಆಗಲೇ ನಿಶ್ಚಯ ಮಾಡಿದ್ದೆ. ಇವತ್ತೇ ಒಮ್ಮೆ ಹದ ನೋಡಬೇಕು. ಮಸಾಲೆಗೆಂದು ಹುರಿಯಲು ತೆಗೆದಿಟ್ಟಿದ್ದ ಒಣಮೆಣಸಿನಕಾಯಿಯಲ್ಲಿ ಅರ್ಧವನ್ನು ಡಬ್ಬಕ್ಕೆ ವಾಪಸು ಹಾಕಿ, ಒಲೆ ಹಚ್ಚಿದೆ.